ಎಂಪಿ3 ಪ್ಲೇಯರಿನಲ್ಲಿ ವಾದ್ಯ ಕೇಳುತ್ತೆ, ಹಾಡುವವರ ದನಿ ಇಲ್ಲ. ಏನಾಗಿರಬಹುದು?

ಮೇಗರವಳ್ಳಿ ಹುಡುಗ:

ಅಪ್ಪಯ್ಯನ ಎಂಪಿ3 ಪ್ಲೇಯರ್ ತಲೆ ತಿನ್ನುತ್ತಿದೆ, ಗೊತ್ತಿದ್ದವರು ಯಾರಾದರೂ ಹೇಳಿ. ಹಳೇದು. ಬ್ಲೂಟೂತ್ ಇಲ್ಲ. ಇಯರ್‌ಫೋನಿಗೆ 3.5 ಮಿಮೀ ತೂತು, ಮೆಮೊರಿ ಕಾರ್ಡ್ ಹಾಕೋಕೆ ಜಾಗ, ಒತ್ತುವ ಬಟನ್‌ಗಳು, ಇಷ್ಟೇ. ಅವರಿಗೆ ಆ ಬಟನ್ನೇ ಬೇಕು. ಮೊಬೈಲಿನ ಗಾಜು ಉಜ್ಜೋದು ಆಗಿಬರಲ್ಲ, ಒದ್ದೆ ಕೈಯಲ್ಲಂತೂ ಕೇಳೋದೇ ಬೇಡ.

ಜಡಿಮಳೆ ಹಿಡಿದು ತೋಟಕ್ಕೆ ಹೋಗೋಕೆ ಆಗದ ದಿನ ಜಗಲಿಯಲ್ಲಿ ಕೂತು ತಾಳಮದ್ದಳೆ ಕೇಳೋದು ಅವರ ಅಭ್ಯಾಸ. ಮನೆಯಲ್ಲಿದ್ದ ಕ್ಯಾಸೆಟ್‌ಗಳನ್ನು ನಾನೇ ಲ್ಯಾಪ್‌ಟಾಪಿಗೆ ಇಳಿಸಿ ಎಂಪಿ3 ಮಾಡಿ ತುಂಬಿಸಿ ಕೊಟ್ಟಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು.

ಈಗ ಏನಾಗಿದೆ ಅಂದ್ರೆ, ಸಿನಿಮಾ ಹಾಡು ಹಾಕಿದರೆ ಪಿಟೀಲು, ಕೊಳಲು, ಹಿಂದಿನ ಕೋರಸ್ ಎಲ್ಲ ಕೇಳುತ್ತೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಬರುತ್ತೆ. ತಬಲಾದ ಗುಮ್ಮು ಪೂರ್ತಿ ಹೋಗಿದೆ. ತಾಳಮದ್ದಳೆಯದ್ದು ಇನ್ನೂ ಕಷ್ಟ. ವಾಲ್ಯೂಮ್ ಕೊನೆವರೆಗೂ ಕೊಟ್ಟರೆ ಅರ್ಥಧಾರಿಗಳ ಮಾತು ತೆಳ್ಳಗೆ, ಸಣ್ಣಗೆ ಕೇಳುತ್ತೆ, ಆದರೆ ಟೇಪಿನ ಸುಯ್ ಅನ್ನೋ ಶಬ್ದ ಮಾತ್ರ ಜೋರಾಗಿದೆ. ಪಿನ್ ಅಲ್ಲಾಡಿಸಿದರೆ ಕರಕರ ಅನ್ನುತ್ತೆ. ಮೊದಲಿದ್ದ ಇಯರ್‌ಫೋನನ್ನು ಇಲಿ ಕಡಿದುಹಾಕಿತು, ಹಾಗಾಗಿ ನನ್ನ ಮೊಬೈಲಿನ ಇಯರ್‌ಫೋನ್ ಕೊಟ್ಟಿದ್ದೇನೆ. ಅದು ಸರಿಯಾಗಿಯೇ ಇದೆ, ಮೊಬೈಲಿಗೆ ಹಾಕಿದರೆ ಒಳ್ಳೆ ಶಬ್ದ ಬರುತ್ತೆ.

ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಥಂಡಿಗೆ ಐಸಿ (ಒಳಗಿನ ಚಿಪ್) ಹೋಗಿದೆ, ಬೋರ್ಡ್ ಬದಲಾಯಿಸಬೇಕು, ಅದಕ್ಕಿಂತ ಹೊಸದು ತಗೊಳ್ಳಿ ಅಂದರು. ನಮ್ಮ ಕಡೆ ಮಳೆ ಗೊತ್ತಲ್ಲ, ಆಗುಂಬೆ ಪಕ್ಕದಲ್ಲೇ ಇದೆ. ನಿಜವಾಗಿಯೂ ಥಂಡಿಗೆ ಹೀಗಾಗುತ್ತಾ?

ಹೊಸನಗರ ಬೀಟ್ಸ್:

ಫೈಲ್ ಕ್ವಾಲಿಟಿ ನೋಡಿ ಬ್ರೋ. ಕ್ಯಾಸೆಟ್‌ನಿಂದ ಮಾಡಿದ್ದು ಬಿಟ್‌ರೇಟ್ (ಒಂದು ಸೆಕೆಂಡಿಗೆ ತುಂಬುವ ಡೇಟಾ) 64 ಕೆಬಿಪಿಎಸ್ ಇರುತ್ತೆ, ಅದನ್ನು 320 ಮಾಡಿ ಹಾಕಿ. ಈಕ್ವಲೈಸರ್‌ನಲ್ಲಿ ವೋಕಲ್ ಅಂತ ಇರುತ್ತೆ, ಅದನ್ನು ಆನ್ ಮಾಡಿ. ಆಗಲಿಲ್ಲ ಅಂದ್ರೆ ಸುಮ್ನೆ ಒಂದು ಬ್ಲೂಟೂತ್ ಸ್ಪೀಕರ್ ತಗೊಳ್ಳಿ. ಈಗಿನ ಸ್ಪೀಕರ್‌ಗಳಿಗೇ ಮೆಮೊರಿ ಕಾರ್ಡ್ ಹಾಕಬಹುದು, ಬಟನ್ನೂ ಇರುತ್ತೆ.

ಶಿವಮೊಗ್ಗ ಸೋಲ್ಡರ್:

ಮೇಗರವಳ್ಳಿಯವರೇ, ಬೋರ್ಡಿಗೂ ಹೊಸ ಪ್ಲೇಯರಿಗೂ ದುಡ್ಡು ಹಾಕಬೇಡಿ, ಸ್ವಲ್ಪ ತಡೆಯಿರಿ. ಇಲಿ ಕಡಿದ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೀರಿ. ನನಗೆ ಅನುಮಾನ ಇರೋದು ಅಲ್ಲೇ.

ಇಯರ್‌ಫೋನಿಗೆ ಮೂರು ದಾರಿ ಬೇಕು. ಎಡಕ್ಕೆ ಒಂದು, ಬಲಕ್ಕೆ ಒಂದು, ಎರಡೂ ಕಡೆಯಿಂದ ಕರೆಂಟು ವಾಪಸ್ ಬರೋಕೆ ಒಂದು. ಆ ವಾಪಸ್ ದಾರಿಗೆ ಗ್ರೌಂಡ್ ಅಂತೀವಿ. ಅದು ತಪ್ಪಿಹೋದರೆ ಶಬ್ದ ಪೂರ್ತಿ ನಿಲ್ಲಬೇಕು ಅನ್ನಿಸುತ್ತೆ, ಅಲ್ವಾ? ನಿಲ್ಲಲ್ಲ. ಕರೆಂಟು ಎಡಗಡೆಯಿಂದ ಹೊರಟು ಎರಡೂ ಕಿವಿಯ ಸ್ಪೀಕರ್ ದಾಟಿಕೊಂಡು ಬಲಗಡೆಗೆ ಹೋಗುತ್ತೆ. ಆಗ ಕೇಳೋದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ. ಎರಡೂ ಕಡೆ ಒಂದೇ ಸಮ ಇರುವುದೆಲ್ಲ ಅಳಿಸಿಹೋಗುತ್ತೆ.

ಈಗ ಸಿನಿಮಾ ಹಾಡು ತಗೊಳ್ಳಿ. ಸ್ಟೀರಿಯೊದಲ್ಲಿ, ಅಂದ್ರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಚಾನೆಲ್ ಇರುವಲ್ಲಿ, ಹಾಡುವವರ ದನಿಯನ್ನು, ಬೇಸನ್ನು, ತಬಲಾವನ್ನು ಸಾಮಾನ್ಯವಾಗಿ ನಟ್ಟನಡುವೆ ಇಡುತ್ತಾರೆ. ನಡುವೆ ಅಂದ್ರೆ ಎರಡೂ ಚಾನೆಲ್‌ನಲ್ಲಿ ಸಮಸಮ. ಪಿಟೀಲು, ಕೊಳಲು, ಕೋರಸ್ ಒಂದೊಂದು ಬದಿಗೆ ಇರುತ್ತವೆ. ಅದಕ್ಕೇ ದನಿ ಹೋಯಿತು, ಪಿಟೀಲು ಉಳಿಯಿತು. ದನಿಗೆ ಹಾಕಿದ ಎಕೋ ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರೋದರಿಂದ ಅದು ಅಳಿಯಲ್ಲ. ನಿಮಗೆ ಬಾವಿಯೊಳಗಿಂದ ಬಂದ ಹಾಗೆ ಕೇಳ್ತಿರೋದು ಆ ಎಕೋ.

ತಾಳಮದ್ದಳೆ ಕ್ಯಾಸೆಟ್ ಇದಕ್ಕಿಂತ ಒಳ್ಳೆ ಸಾಕ್ಷಿ. ಒಂದೇ ಮೈಕಿನ ಟೇಪ್‌ರೆಕಾರ್ಡರ್ ಎದುರಿಗಿಟ್ಟು ರೆಕಾರ್ಡ್ ಮಾಡಿದ್ದು ಅಂತ ಕಾಣುತ್ತೆ, ಅಂದ್ರೆ ಮೊನೊ. ಮಾತು ಎರಡೂ ಕಡೆ ಒಂದೇ. ಹಾಗಾಗಿ ಮಾತು ಹೆಚ್ಚುಕಮ್ಮಿ ಪೂರ್ತಿ ಅಳಿಸಿಹೋಗಿದೆ. ಟೇಪಿನ ಸುಯ್ ಶಬ್ದ ಮಾತ್ರ ಎರಡು ಚಾನೆಲ್‌ನಲ್ಲಿ ಬೇರೆ ಬೇರೆ ಇರುತ್ತೆ, ಅದು ಉಳಿದುಕೊಂಡಿದೆ. ಐಸಿ ಸುಟ್ಟು ಹೋದರೆ ಹೀಗೆ ಹಾಡುವವರನ್ನು ಆರಿಸಿ ತೆಗೆಯಲ್ಲ. ಒಂದು ಕಿವಿ ಸತ್ತುಹೋಗುತ್ತೆ, ಇಲ್ಲಾ ಎಲ್ಲವೂ ಒಡಕಲಾಗಿ ಬರುತ್ತೆ.

ಹಾಗಾದ್ರೆ ಗ್ರೌಂಡ್ ಯಾಕೆ ತಪ್ಪಿತು? ನಿಮ್ಮ ಮೊಬೈಲ್ ಇಯರ್‌ಫೋನಿನ ಪಿನ್ ನೋಡಿ. ಅದರ ಮೇಲೆ ಕಪ್ಪು ಬಳೆ ಮೂರಿರುತ್ತೆ, ಅಂದ್ರೆ ಲೋಹ ನಾಲ್ಕು ಭಾಗ. ತುದಿ ಎಡಕ್ಕೆ, ಅದರ ಹಿಂದಿನದು ಬಲಕ್ಕೆ, ಮೂರನೆಯದು ಗ್ರೌಂಡ್, ಬುಡದ್ದು ಮೈಕಿಗೆ. ಈಗಿನ ಫೋನ್‌ಗಳದ್ದು ಬಹುತೇಕ ಇದೇ ಕ್ರಮ. ಹಳೆ ಪ್ಲೇಯರಿನ ತೂತು ಮೂರು ಭಾಗದ ಪಿನ್ನಿಗೆ ಮಾಡಿದ್ದು. ಅದರೊಳಗಿನ ಗ್ರೌಂಡ್ ಪತ್ತಿ (ಲೋಹದ ಸಣ್ಣ ಪಟ್ಟಿ) ಪಿನ್ನಿನ ಬುಡವನ್ನು ಮುಟ್ಟುತ್ತೆ. ಬುಡದಲ್ಲಿ ಈಗ ಮೈಕ್ ಇದೆ. ಕರೆಂಟು ಮೈಕಿನ ಮೂಲಕ ಸುತ್ತಿಕೊಂಡು ಬರಬೇಕು. ಕರೆಂಟಿಗೆ ಇರುವ ಅಡ್ಡಿಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಇಯರ್‌ಫೋನ್ ಸ್ಪೀಕರ್ 16 ಇಲ್ಲವೇ 32 ಓಮ್, ಮೈಕ್ ಸಾವಿರದ ಲೆಕ್ಕದಲ್ಲಿ. ಆ ಸಣ್ಣ ಸಂದಿಯಲ್ಲಿ ನುಸುಳಿ ಬಂದದ್ದೇ ನೀವು ಹೇಳಿದ ತೆಳ್ಳಗಿನ ಮಾತು. ಕೆಲವು ಪ್ಲೇಯರಿನಲ್ಲಿ ಪತ್ತಿ ಇನ್ನೂ ಒಳಗಿರುತ್ತೆ, ಅಲ್ಲಿ ಇದೇ ಇಯರ್‌ಫೋನ್ ಸರಿಯಾಗಿ ಕೆಲಸ ಮಾಡುತ್ತೆ. ಹಾಗಾಗಿಯೇ ಜನಕ್ಕೆ ಇದು ಹೊಳೆಯೋದಿಲ್ಲ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ತಾಳಮದ್ದಳೆ ಹಾಕಿ. ಇಯರ್‌ಫೋನಿನ ತಂತಿ ಮೇಲೆ ಫೋನ್ ಎತ್ತುವ ಬಟನ್ ಇರುತ್ತಲ್ಲ, ಅದನ್ನು ಒತ್ತಿ ಹಿಡಿಯಿರಿ. ಆ ಬಟನ್ ಮೈಕನ್ನೂ ಗ್ರೌಂಡನ್ನೂ ಒಂದು ಮಾಡುತ್ತೆ. ಒತ್ತಿದಾಗ ಮಾತು ತುಂಬಿಕೊಂಡು ಬಂದು, ಬಿಟ್ಟಾಗ ಹೋದರೆ ವಿಷಯ ಮುಗಿಯಿತು. ಪಿನ್ನನ್ನು ಕೂದಲೆಳೆಯಷ್ಟು ಹೊರಗೆ ಎಳೆದರೂ ಕೆಲವೊಮ್ಮೆ ಸರಿಯಾಗುತ್ತೆ. ಆದರೆ ವಾಲ್ಯೂಮ್ ಕೆಳಗಿಳಿಸಿ ಮಾಡಿ. ಕೊನೆವರೆಗೂ ಕೊಟ್ಟಿದ್ದೀರಿ, ಇದ್ದಕ್ಕಿದ್ದ ಹಾಗೆ ಪೂರ್ತಿ ಶಬ್ದ ಬಂದರೆ ಅಪ್ಪಯ್ಯನ ಕಿವಿಗೆ ಪೆಟ್ಟು.

ಹೊಸನಗರದವರೇ, 64ರಲ್ಲಿರುವುದನ್ನು 320 ಮಾಡಿದರೆ ಫೈಲ್ ದಪ್ಪ ಆಗುತ್ತೆ ಅಷ್ಟೇ. ಕಳೆದುಹೋದದ್ದು ವಾಪಸ್ ಬರಲ್ಲ. ಅದೂ ಅಲ್ಲದೆ ಮೊನೊ ಮಾತಿಗೆ 64 ಏನೂ ಕಡಿಮೆ ಅಲ್ಲ. ಬಿಟ್‌ರೇಟ್ ಕಡಿಮೆ ಆದರೆ ಮೊದಲು ಹಾಳಾಗೋದು ತಾಳದ ಕಿಣಿಕಿಣಿ, ಅದು ಸೊರಸೊರ ಅನ್ನೋಕೆ ಶುರು ಆಗುತ್ತೆ. ಹಾಡುವವರು ನಾಪತ್ತೆ ಆಗೋದಿಲ್ಲ.

ಕೋಣಂದೂರು ಶಾರದಕ್ಕ:

ಸೋಲ್ಡರ್ ಅವರು ಹೇಳಿದ್ದು ಸರಿ ಇರಬಹುದು, ಆದರೆ ಆ ಕರಕರ ಇದೆಯಲ್ಲ, ಅದಕ್ಕೆ ಮಳೆಯೇ ಕಾರಣ ಅಂತ ನನ್ನ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಬರುತ್ತೆ. ಆ ಸಣ್ಣ ತೂತಿನ ಒಳಗಿನ ಪತ್ತಿ ಬಿಡುತ್ತಾ? ಟಾರ್ಚ್ ಹಾಕಿ ನೋಡಿ. ಪಿನ್ ಮೇಲೂ ನೋಡಿ, ಹಸಿರು ಕಿಲುಬು ಇಲ್ಲವೇ ಕಪ್ಪು ಕಲೆ ಇದ್ದೇ ಇರುತ್ತೆ.

ಕ್ಲೀನ್ ಮಾಡೋಕೆ ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಅಂತ ಸಿಗುತ್ತೆ, ಐಸೊಪ್ರೊಪೈಲ್ ಆಲ್ಕೋಹಾಲ್. ಪ್ಲೇಯರ್ ಆಫ್ ಮಾಡಿ. ಹಲ್ಲಿನ ಸಂದಿ ತಿಕ್ಕುವ ಸಪೂರ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತಲ್ಲ, ಅದನ್ನು ಐಪಿಎಯಲ್ಲಿ ಅದ್ದಿ, ಕೊಡವಿ, ತೂತಿನೊಳಗೆ ಮೆಲ್ಲಗೆ ತಿರುಗಿಸಿ. ಅದರ ನಡುವಿನ ತಂತಿ ಪತ್ತಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಪಿನ್ನನ್ನು ಅದೇ ಐಪಿಎ ಹಾಕಿದ ಬಟ್ಟೆಯಲ್ಲಿ ಒರೆಸಿ. ಚೆನ್ನಾಗಿ ಒಣಗಿದ ಮೇಲೆ ಆನ್ ಮಾಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬಿಡಬೇಡಿ, ಧೂಳು ಕಚ್ಚಿಕೊಳ್ಳುತ್ತೆ. ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತೆ. ಉಪ್ಪುಕಾಗದದಲ್ಲಿ ತಿಕ್ಕಿದರೆ ಮೇಲಿನ ಲೇಪ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಕಿಲುಬು ಬರುತ್ತೆ. ಬಾಯಿಂದ ಊದೋದೂ ಬೇಡ, ಉಸಿರಲ್ಲೇ ನೀರಿನಂಶ ಇರುತ್ತೆ.

ಇನ್ನೊಂದು, ನಮ್ಮವರು ಒದ್ದೆ ಆದದ್ದನ್ನೆಲ್ಲ ಬಚ್ಚಲೊಲೆ ಮೇಲೆ ಇಡುತ್ತಾರೆ. ಕಂಬಳಿಗೆ ಅದು ಸರಿ. ಲಿಥಿಯಂ ಬ್ಯಾಟರಿ ಇರುವ ಸಾಮಾನಿಗೆ ಅಲ್ಲ. ಶಾಖಕ್ಕೆ ಬ್ಯಾಟರಿ ಉಬ್ಬುತ್ತೆ, ಹೊಗೆಯ ಮಸಿ ತೂತಿನೊಳಗೆ ಕೂರುತ್ತೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ರಾತ್ರಿ ಪ್ಲೇಯರನ್ನು ಅದರೊಳಗೆ ಇಡಿ. ಇಲಿಯೂ ತಲುಪಲ್ಲ.

ಜೋಗ್ ರೋಡ್ ಕೇಳುಗ:

ಯಾವ ಪ್ಲೇಯರ್ ಅಂತ ಹೇಳಿಲ್ಲ ನೀವು. ಯಾರಾದರೂ ಅದಕ್ಕೆ ರಾಕ್‌ಬಾಕ್ಸ್ ಸಾಫ್ಟ್‌ವೇರ್ ಹಾಕಿದ್ದರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಚಾನೆಲ್ ಕಾನ್ಫಿಗರೇಶನ್ ಒಮ್ಮೆ ನೋಡಿ. ಅಲ್ಲಿ ಕರಾಒಕೆ ಅಂತ ಒಂದು ಆಯ್ಕೆ ಇದೆ, ಅದು ಬೇಕಂತಲೇ ನಡುವಿನ ದನಿಯನ್ನು ತೆಗೆಯುತ್ತೆ. ಕೈತಪ್ಪಿ ಅದು ಆನ್ ಆದರೂ ಇದೇ ಲಕ್ಷಣ.

ಮೇಗರವಳ್ಳಿ ಹುಡುಗ:

ಮಾರಾಯ್ರೆ, ಬಟನ್ ಒತ್ತಿದೆ, ಮಾತು ಬಂತು! ಬಿಟ್ಟೆ, ಹೋಯಿತು. ಅಪ್ಪಯ್ಯ ಕಿವಿಗೆ ಹಾಕಿಕೊಂಡು ಬಟನ್ ಹಿಡಿದೇ ಒಂದು ಪದ್ಯ ಪೂರ್ತಿ ಕೇಳಿದರು, ಆಮೇಲೆ ಬೆರಳು ನೋವು ಅಂತ ಬೈದರು. ಪಿನ್ನಿನ ಮೇಲೆ ಕಪ್ಪು ಬಳೆ ಮೂರೇ ಇದೆ, ಸೋಲ್ಡರ್ ಅವರು ಹೇಳಿದ ಹಾಗೆ. ರಾಕ್‌ಬಾಕ್ಸ್ ಗೀಕ್‌ಬಾಕ್ಸ್ ಏನೂ ಇಲ್ಲ ಇದರಲ್ಲಿ.

ಶಾರದಕ್ಕ, ನೀವು ಹೇಳಿದ್ದೂ ನಿಜವೇ. ಟಾರ್ಚ್ ಹಾಕಿದರೆ ತೂತಿನ ಬಾಯಲ್ಲೇ ಹಸಿರು ಕಂಡಿತು. ಬ್ರಷ್ ತಿರುಗಿಸಿ ತೆಗೆದಾಗ ತುದಿ ಕಪ್ಪಾಗಿತ್ತು. ಈಗ ಪಿನ್ ಅಲ್ಲಾಡಿಸಿದರೂ ಕರಕರ ಇಲ್ಲ. ಆದರೆ ದನಿ ಬರೋಕೆ ಬಟನ್ ಒತ್ತಲೇಬೇಕು.

ಈಗ ಏನು ತಗೊಳ್ಳೋದು? ತೀರ್ಥಹಳ್ಳಿಯಲ್ಲಿ ಕೇಳಿದೆ, ಎಲ್ಲರೂ ಮೈಕ್ ಇರೋದನ್ನೇ ಕೊಡುತ್ತಾರೆ.

ಶಿವಮೊಗ್ಗ ಸೋಲ್ಡರ್:

ಮೈಕ್ ಇಲ್ಲದ ಇಯರ್‌ಫೋನ್ ಸಿಕ್ಕರೆ ಅದೇ ಒಳ್ಳೇದು. ಪಿನ್ ಮೇಲೆ ಕಪ್ಪು ಬಳೆ ಎರಡೇ ಇರಬೇಕು, ಅಂಗಡಿಯಲ್ಲೇ ಎಣಿಸಿ. ಡಬ್ಬಿ ಮೇಲೆ ಮೊಬೈಲಿಗೆ ಅಂತ ಬರೆದಿದ್ದರೆ ಬೇಡ. ಶಿವಮೊಗ್ಗಕ್ಕೆ ಬಂದರೆ ದುರ್ಗಿಗುಡಿ, ನೆಹರೂ ರಸ್ತೆ ಕಡೆ ಒಂದು ಸುತ್ತು ಹಾಕಿ, ಸಿಗಬಹುದು.

ಸಿಗದಿದ್ದರೆ ಕಂಪ್ಯೂಟರ್ ಅಂಗಡಿಗೆ ಹೋಗಿ. ಮೊಬೈಲ್ ಹೆಡ್‌ಸೆಟ್ಟನ್ನು ಕಂಪ್ಯೂಟರಿಗೆ ಹಾಕುವ ಸ್ಪ್ಲಿಟರ್ ಅಂತ ಕೇಳಿ. ಗೇಣುದ್ದದ ತಂತಿ. ಒಂದು ಬದಿ ತೂತು, ಇನ್ನೊಂದು ಬದಿ ಎರಡು ಪಿನ್, ಒಂದರ ಮೇಲೆ ಮೈಕ್ ಚಿತ್ರ, ಇನ್ನೊಂದರ ಮೇಲೆ ಹೆಡ್‌ಫೋನ್ ಚಿತ್ರ. ಹೆಡ್‌ಫೋನ್ ಚಿತ್ರದ್ದನ್ನು ಪ್ಲೇಯರಿಗೆ ಹಾಕಿ, ಮೈಕಿನದ್ದನ್ನು ಸುಮ್ನೆ ಬಿಟ್ಟುಬಿಡಿ. ಒಂದು ವಿಷಯ ಗಟ್ಟಿ ನೆನಪಿಟ್ಟುಕೊಳ್ಳಿ, ಇದೇ ಹೆಸರಿನಲ್ಲಿ ಇನ್ನೆರಡು ಬಗೆ ಮಾರುತ್ತಾರೆ. ಇಬ್ಬರು ಒಟ್ಟಿಗೆ ಕೇಳೋಕೆ ಅಂತ ಒಂದು ಪಿನ್ ಎರಡು ತೂತಿನದ್ದು ಒಂದು, ಕಂಪ್ಯೂಟರ್ ಹೆಡ್‌ಸೆಟ್ಟನ್ನು ಮೊಬೈಲಿಗೆ ಹಾಕೋಕೆ ಅಂತ ಅದೇ ಆಕಾರದ್ದು ಇನ್ನೊಂದು, ಇವೆರಡೂ ನಿಮಗೆ ಕೆಲಸಕ್ಕೆ ಬರಲ್ಲ. ಎರಡು ಪಿನ್, ಒಂದು ತೂತು. ಅಷ್ಟು ನೋಡಿಕೊಳ್ಳಿ ಸಾಕು.

ಇಲಿ ಕಡಿದ ಹಳೇ ಇಯರ್‌ಫೋನ್ ಎಸೆದಿಲ್ಲ ಅಂದ್ರೆ ಅದರ ಪಿನ್ ಕಡೆಯ ತಂತಿಯನ್ನು ಇದಕ್ಕೆ ಬೆಸುಗೆ ಹಾಕಲೂಬಹುದು. ಆದರೆ ಒಳಗಿನದು ಕೂದಲಿನಷ್ಟು ಸಪೂರ, ಮೇಲೆ ಬಣ್ಣದ ಅರಗು ಬಳಿದಿರುತ್ತೆ, ಅದನ್ನು ಸುಟ್ಟು ತೆಗೆಯದೆ ಬೆಸುಗೆ ಕೂರಲ್ಲ. ಅಭ್ಯಾಸ ಇದ್ದರೆ ಮಾತ್ರ ಕೈ ಹಾಕಿ.

ಘಾಟಿ ಜೀಪು:

ಮಧ್ಯದಲ್ಲಿ ಬಾಯಿ ಹಾಕ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದೂ ಇಂಥದ್ದೇ ಪ್ಲೇಯರ್. ಜೀಪಿನ ಮ್ಯೂಸಿಕ್ ಸಿಸ್ಟಮ್ಮಿನ ಆಕ್ಸ್‌ಗೆ ಹಾಕಿದರೆ ಕುಂಯ್ ಅನ್ನುತ್ತೆ, ಎಕ್ಸಿಲರೇಟರ್ ಒತ್ತಿದಷ್ಟೂ ಅದರ ದನಿ ಏರುತ್ತೆ. ಆಗುಂಬೆ ಘಾಟಿ ಹತ್ತುವಾಗ ಹಾಡಿಗಿಂತ ಅದೇ ಜಾಸ್ತಿ. ಇದೂ ಗ್ರೌಂಡಾ?

ಶಿವಮೊಗ್ಗ ಸೋಲ್ಡರ್:

ಇದೂ ಗ್ರೌಂಡೇ, ಆದರೆ ಉಲ್ಟಾ ಕಥೆ. ಅವರಿಗೆ ಗ್ರೌಂಡ್ ಇಲ್ಲ, ನಿಮಗೆ ಎರಡು ಕಡೆ ಇದೆ. ಪ್ಲೇಯರನ್ನು ಜೀಪಿನ ಚಾರ್ಜರಿಗೂ ಚುಚ್ಚಿರುತ್ತೀರಿ, ಅಲ್ವಾ? ಚಾರ್ಜರಿನ ಕಡೆಯಿಂದ ಒಂದು ದಾರಿ, ಆಕ್ಸ್ ಕಡೆಯಿಂದ ಒಂದು. ಇಂಜಿನ್ ಜೊತೆ ತಿರುಗಿ ಕರೆಂಟು ಮಾಡುವ ಆಲ್ಟರ್ನೇಟರಿನ ಗಲಾಟೆ ಆ ಸುತ್ತಿನಲ್ಲಿ ನುಗ್ಗುತ್ತೆ. ಚಾರ್ಜರ್ ಕಿತ್ತು ನೋಡಿ. ಕುಂಯ್ ನಿಂತರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತೆ, ಆಕ್ಸ್ ತಂತಿಯ ಮಧ್ಯೆ ಹಾಕಿ. ಇಲ್ಲಾ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೊರಡಿ, ಕಾಸೂ ಉಳಿಯುತ್ತೆ.

ಮೇಗರವಳ್ಳಿ ಹುಡುಗ:

ಸ್ಪ್ಲಿಟರ್ ಸಿಕ್ಕಿತು. ಮೊದಲು ಕೊಟ್ಟದ್ದು ಎರಡು ತೂತಿನದ್ದೇ, ವಾಪಸ್ ಕೊಟ್ಟು ಎರಡು ಪಿನ್ನಿನದ್ದು ತಂದೆ. ಈಗ ಬಟನ್ ಒತ್ತದೆಯೇ ಎಲ್ಲ ಕೇಳುತ್ತೆ, ಮದ್ದಳೆಯ ಗುಮ್ಮು ಸಮೇತ. ಎಲ್ಲರಿಗೂ ಥ್ಯಾಂಕ್ಸ್.

ಆದರೆ ಶಬ್ದ ಸರಿಯಾದ ಮೇಲೆ ಅಪ್ಪಯ್ಯನ ಹೊಸ ತಕರಾರು ಶುರು. ಕೆಲವು ಕ್ಯಾಸೆಟ್ಟಿನದ್ದು ಮಂಕು, ತಾಳದ ಶಬ್ದ ಚೂಪಾಗಿಲ್ಲ ಅಂತಾರೆ. ಕೇಳಿದರೆ ಹೌದು. ಹಳೆ ಟೇಪ್ ಅಂದ್ರೆ ಹಾಗೇ ಅಲ್ವಾ?

ಕೋಣಂದೂರು ಶಾರದಕ್ಕ:

ಎಲ್ಲವೂ ಹಾಗಲ್ಲ. ನಮ್ಮ ಮನೆಯಲ್ಲೂ ಕ್ಯಾಸೆಟ್ ರಾಶಿ ಇದೆ, ನಾನೂ ಇಳಿಸ್ತಾ ಇದ್ದೇನೆ. ಮೊದಲು ಟೇಪ್‌ರೆಕಾರ್ಡರಿನ ಹೆಡ್ (ಟೇಪ್ ಉಜ್ಜಿಕೊಂಡು ಹೋಗುವ ಲೋಹದ ಭಾಗ) ನೋಡಿ. ಕಂದು ಪುಡಿ ಅಂಟಿಕೊಂಡಿದ್ದರೆ ಮಂಕಾಗಿಯೇ ಕೇಳುತ್ತೆ. ಅದೇ ಐಪಿಎಯಲ್ಲಿ ಹತ್ತಿ ಅದ್ದಿ ಒರೆಸಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಹಾಕಲೇಬೇಡಿ, ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತೆ. ಬೇರೆ ಇಡಿ, ಬಿಸಿಲು ಕಾಲಕ್ಕೆ ನೋಡೋಣ.

ಒರೆಸಿದರೂ ಮಂಕು ಅಂದ್ರೆ ಅಜಿಮತ್, ಅಂದ್ರೆ ಟೇಪಿಗೆ ಹೆಡ್ ನಿಂತಿರುವ ಕೋನ, ತಪ್ಪಿರುತ್ತೆ. ರೆಕಾರ್ಡ್ ಮಾಡಿದ ಮೆಷಿನ್ನಿನ ಹೆಡ್ ಒಂದು ಚೂರು ವಾಲಿಕೊಂಡಿದ್ದರೆ, ನಿಮ್ಮ ಮೆಷಿನ್ನಿನ ಹೆಡ್ ನೆಟ್ಟಗಿದ್ದರೂ ಚೂಪು ಶಬ್ದ ಹೋಗುತ್ತೆ. ಹೆಡ್ಡಿನ ಅಕ್ಕಪಕ್ಕ ಎರಡು ಸ್ಕ್ರೂ ಇರುತ್ತೆ, ಸಾಮಾನ್ಯವಾಗಿ ಅದರಲ್ಲಿ ಒಂದಕ್ಕೆ ಸ್ಪ್ರಿಂಗ್. ಆ ಸ್ಪ್ರಿಂಗ್ ಇರೋದನ್ನು ಮಾತ್ರ ಮುಟ್ಟಬೇಕು. ಮೊದಲು ಅದು ಇದ್ದ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿಕೊಳ್ಳಿ. ಕ್ಯಾಸೆಟ್ ಓಡುತ್ತಿರುವಾಗಲೇ, ಭಾಗವತರು ತಾಳ ಬಾರಿಸುವ ಜಾಗದಲ್ಲಿ, ಸಣ್ಣ ಸ್ಕ್ರೂಡ್ರೈವರಿನಲ್ಲಿ ಒಂಚೂರು ಆಚೆ, ಒಂಚೂರು ಈಚೆ ತಿರುಗಿಸಿ. ತಾಳ ಕಿಣಿ ಅಂತ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ ಇಳಿಸಿಕೊಳ್ಳಿ. ಆ ಮೆಷಿನ್ನಿನಲ್ಲಿ ರೆಕಾರ್ಡ್ ಆದ ಕ್ಯಾಸೆಟ್ ಎಲ್ಲ ಮುಗಿಸಿ, ಆಮೇಲೆ ಸ್ಕ್ರೂವನ್ನು ಗೆರೆಗೆ ವಾಪಸ್ ತನ್ನಿ.

ಶಿವಮೊಗ್ಗ ಸೋಲ್ಡರ್:

ಶಾರದಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೊನೊ ಕ್ಯಾಸೆಟ್ಟನ್ನು ಸ್ಟೀರಿಯೊ ಡೆಕ್ಕಿನಲ್ಲಿ ಇಳಿಸಿದ್ದರೆ ಎರಡೂ ಚಾನೆಲ್ ಸೇರಿಸಿ ಮೊನೊ ಮಾಡಬೇಡಿ. ಹೆಡ್ ವಾಲಿಕೊಂಡಿದ್ದರೆ ಎರಡಕ್ಕೂ ಹೊತ್ತು ಚೂರು ಹಿಂದೆಮುಂದೆ ಆಗಿರುತ್ತೆ, ಸೇರಿಸಿದಾಗ ಚೂಪು ಶಬ್ದವೇ ಅಳಿಸಿಹೋಗುತ್ತೆ. ಅಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ಟ್ರ್ಯಾಕ್ ಒಡೆದು ಎಡ ಬಲ ಎರಡನ್ನೂ ಕೇಳಿ, ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳಿ.

ಎಂಪಿ3 ಮಾಡುವ ಮೊದಲು ವೇವ್ ಫೈಲನ್ನು (ಕುಗ್ಗಿಸದ ಮೂಲ ಶಬ್ದದ ಫೈಲ್) ಹಾರ್ಡ್‌ಡಿಸ್ಕ್‌ನಲ್ಲಿ ಉಳಿಸಿ. 44.1 ಕಿಲೊಹರ್ಟ್ಸ್, 16 ಬಿಟ್, ಮೊನೊ ಅಂದ್ರೆ ನಿಮಿಷಕ್ಕೆ ಸುಮಾರು 5 ಎಂಬಿ. 90 ನಿಮಿಷದ ಕ್ಯಾಸೆಟ್ ಅರ್ಧ ಜಿಬಿಯೊಳಗೆ ಕೂರುತ್ತೆ. ಕ್ಯಾಸೆಟ್ ಇನ್ನೊಂದು ಮಳೆಗಾಲ ತಡೆಯುತ್ತೋ ಇಲ್ಲವೋ, ಎಂಪಿ3 ಬೇಕಾದಾಗ ವೇವ್‌ನಿಂದ ಮತ್ತೆ ಮಾಡಿಕೊಳ್ಳಬಹುದು.

ಮೇಗರವಳ್ಳಿ ಹುಡುಗ:

ಇಳಿಸಿದ್ದು ಎಲ್ಲ ಎಂಪಿ3ಯೇ, ವೇವ್ ಇಟ್ಟಿಲ್ಲ. ಮಂಕಾಗಿರುವ ಕ್ಯಾಸೆಟ್‌ಗಳನ್ನು ಮತ್ತೆ ಇಳಿಸುತ್ತೇನೆ. ಹೆಡ್ ನೋಡಿದೆ, ಸ್ಪ್ರಿಂಗ್ ಇರುವ ಸ್ಕ್ರೂ ಎಡಗಡೆ ಇದೆ. ಅದರ ಮೇಲೆ ಕೆಂಪು ಅರಗಿನ ಥರ ಏನೋ ಬಳಿದಿದ್ದಾರೆ, ತಿರುಗುತ್ತಿಲ್ಲ. ಕೆರೆದು ತೆಗೆಯಬಹುದಾ?

ಶಿವಮೊಗ್ಗ ಸೋಲ್ಡರ್:

ತೆಗೆಯಬಹುದು. ಸ್ಕ್ರೂ ಅಲ್ಲಾಡದಿರಲಿ ಅಂತ ಫ್ಯಾಕ್ಟರಿಯಲ್ಲಿ ಹಾಕಿದ್ದು ಅದು. ಬಲ ಹಾಕಿ ತಿರುಗಿಸಬೇಡಿ, ತಲೆ ಸವೆದರೆ ಕಷ್ಟ. ಸೂಜಿಯಲ್ಲಿ ಮೆಲ್ಲಗೆ ಎಬ್ಬಿಸಿ. ಪುಡಿ ಹೆಡ್ ಮೇಲೆ ಬೀಳದ ಹಾಗೆ ಕೆಳಗೊಂದು ಕಾಗದ ಹಿಡಿಯಿರಿ. ಕೆಲಸ ಎಲ್ಲ ಮುಗಿದ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿದರೆ ಸ್ಕ್ರೂ ಮತ್ತೆ ಅಲ್ಲೇ ಕೂರುತ್ತೆ.